ಸಾಫ್ಟ್‌ವೇರಿನ ಚಿತ್ರ: ಬಾಣ ಯಾವ ಕಡೆಗೆ?

ಸಾಫ್ಟ್‌ವೇರಿನ ಚಿತ್ರ ಬರೆಯಿರಿ ಅಂದರೆ ಹೆಚ್ಚಿನವರು ಒಂದೇ ಥರ ಬರೆಯುತ್ತಾರೆ. ನಾಲ್ಕೈದು ಚೌಕ, ಮಧ್ಯೆ ಬಾಣಗಳು, ಕೆಳಗೆ ಡಬ್ಬಿಯ ಆಕಾರದಲ್ಲಿ ಡೇಟಾಬೇಸ್, ಮೇಲೆ ಮೋಡದ ಆಕಾರದಲ್ಲಿ ಇಂಟರ್‌ನೆಟ್. ನೋಡೋಕೆ ಚೆನ್ನಾಗಿರುತ್ತದೆ. ಆದರೆ ಆ ಬಾಣದ ಅರ್ಥ ಏನು ಅಂತ ಬರೆದವರನ್ನೇ ಕೇಳಿ ನೋಡಿ. ಇದು ಅದನ್ನು ಕರೆಯುತ್ತದೆ ಅಂತಲಾ? ಇಲ್ಲಿಂದ ಅಲ್ಲಿಗೆ ಮಾಹಿತಿ ಹೋಗುತ್ತದೆ ಅಂತಲಾ? ಇದು ಮೊದಲು, ಅದು ಆಮೇಲೆ ಅಂತಲಾ? ಅದಿಲ್ಲದೆ ಇದು ನಡೆಯುವುದಿಲ್ಲ ಅಂತಲಾ? ನಾಲ್ಕೂ ಬೇರೆ ಬೇರೆ ಸಂಗತಿ. ಬಾಣ ಮಾತ್ರ ಒಂದೇ.

ನಾನು ಕೋಲಾರದಲ್ಲೇ ಇದ್ದು ಕೆಲಸ ಮಾಡುವವನು. ನಮ್ಮದು ಚಿಕ್ಕ ಟೀಮ್. ಹಳ್ಳಿಗಳಲ್ಲಿ ಹಾಲು ಹಾಕಿಸಿಕೊಳ್ಳುವ ಕಡೆ ಬಳಸುವ ಸಾಫ್ಟ್‌ವೇರ್ ಮಾಡುತ್ತೇವೆ. ಕೇಳೋಕೆ ಸುಲಭ ಅನಿಸುತ್ತದೆ, ಅಲ್ವಾ? ಬೆಳಿಗ್ಗೆ ಸಂಜೆ ಹಾಲು ಬರುತ್ತದೆ, ಅಳೆಯುತ್ತಾರೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡುತ್ತಾರೆ, ದರಪಟ್ಟಿಯ ಪ್ರಕಾರ ರೇಟು ಕಟ್ಟಿ ಚೀಟಿ ಕೊಡುತ್ತಾರೆ, ಬಟವಾಡೆ ದಿನ ದುಡ್ಡು ಬ್ಯಾಂಕ್ ಖಾತೆಗೆ ಹೋಗುತ್ತದೆ. ಒಳಗೆ ಇಳಿದರೆ ಕಥೆ ಬೇರೆ. ಯಂತ್ರದಿಂದ ಅಂಕಿ ಓದುವ ಪ್ರೋಗ್ರಾಂ ಒಂದು. ಸಿಗ್ನಲ್ ಇಲ್ಲದಾಗ ಲೆಕ್ಕವನ್ನು ಅಲ್ಲೇ ಹಿಡಿದಿಟ್ಟುಕೊಳ್ಳುವುದು ಇನ್ನೊಂದು. ಸರ್ವರಿನಲ್ಲಿ ಅದನ್ನು ತೆಗೆದುಕೊಳ್ಳುವುದು, ದರ ಹಾಕುವುದು, ಮುಂಗಡ ಮತ್ತು ಬೂಸಾ ಸಾಲ ಹಿಡಿದುಕೊಳ್ಳುವುದು, ಬ್ಯಾಂಕಿಗೆ ಫೈಲ್ ಮಾಡುವುದು, ರೈತರಿಗೆ ಎಸ್ಸೆಮ್ಮೆಸ್ ಕಳಿಸುವುದು, ಎಲ್ಲವೂ ಬೇರೆ ಬೇರೆ. ಒಂದೊಂದನ್ನೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದಿದ್ದಾರೆ.

ಹೊಸದಾಗಿ ಸೇರಿದವರಿಗೆ ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಕೋಡ್ ಓದಿ, ಗೊತ್ತಾಗುತ್ತದೆ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಕೋಡ್ ಓದಿದರೆ ಈ ಸಾಲು ಏನು ಮಾಡುತ್ತದೆ ಅನ್ನುವುದು ತಿಳಿಯುತ್ತದೆ. ಇಷ್ಟೆಲ್ಲ ಸಾಲುಗಳು ಒಟ್ಟಿಗೆ ಓಡುವಾಗ ಯಾವುದು ಯಾವುದಕ್ಕೆ ಕಾಯುತ್ತದೆ, ಯಾವುದು ನಿಂತರೆ ಯಾವುದು ನಿಲ್ಲುತ್ತದೆ, ಇಲ್ಲಿ ಕೈ ಇಟ್ಟರೆ ಎಲ್ಲಿ ಏಳುತ್ತದೆ, ಇದು ಯಾವ ಫೈಲಿನಲ್ಲೂ ಬರೆದಿರುವುದಿಲ್ಲ. ಅದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಬೇಕು. ಹೇಗೆ ಅನ್ನುವುದೇ ಪ್ರಶ್ನೆ.

ಫ್ರೆಡ್ ಬ್ರೂಕ್ಸ್ ಅಂತ ಒಬ್ಬರಿದ್ದರು. ಐಬಿಎಂನಲ್ಲಿ ಓಎಸ್/360 ಅನ್ನುವ ಭಾರಿ ಸಾಫ್ಟ್‌ವೇರಿನ ಕೆಲಸ ನಡೆಸಿದವರು. 1986ರಲ್ಲಿ ಒಂದು ಪ್ರಬಂಧದಲ್ಲಿ ಅವರು ಸಾಫ್ಟ್‌ವೇರ್ ಯಾಕೆ ಕಷ್ಟ ಅನ್ನುವುದಕ್ಕೆ ನಾಲ್ಕು ಕಾರಣ ಕೊಟ್ಟರು. ಅದರಲ್ಲಿ ಒಂದು, ಅದು ಕಣ್ಣಿಗೆ ಕಾಣುವುದಿಲ್ಲ ಅನ್ನುವುದು. ಮನೆಗೆ ಪ್ಲಾನ್ ಇದೆ, ಜಮೀನಿಗೆ ನಕ್ಷೆ ಇದೆ, ಯಾಕೆಂದರೆ ಅವು ಜಾಗದಲ್ಲಿ ಇರುವ ವಸ್ತುಗಳು. ಸಾಫ್ಟ್‌ವೇರ್ ಜಾಗದಲ್ಲೇ ಇಲ್ಲ. ಬರೆಯೋಕೆ ಹೊರಟರೆ ಒಂದು ಚಿತ್ರ ಸಿಗುವುದಿಲ್ಲ, ಒಂದರ ಮೇಲೊಂದು ಕೂತ ಹಲವು ಚಿತ್ರಗಳು ಸಿಗುತ್ತವೆ ಅಂದರು. ಯಾವುದು ಯಾವುದನ್ನು ನಡೆಸುತ್ತದೆ ಅನ್ನುವುದು ಒಂದು, ಮಾಹಿತಿಯ ಹರಿವು ಒಂದು, ಅವಲಂಬನೆ ಒಂದು, ಹೊತ್ತಿನ ಕ್ರಮ ಒಂದು, ಹೆಸರುಗಳ ಸಂಬಂಧ ಇನ್ನೊಂದು. ಅವರು ಇದನ್ನು ನಿರಾಸೆಯಿಂದ ಹೇಳಿದರು. ನಾನು ಅದನ್ನೇ ದಾರಿ ಅಂತ ಓದುತ್ತೇನೆ. ಐದು ಚಿತ್ರ ಒಂದರ ಮೇಲೊಂದು ಕೂತಿದ್ದರೆ ಐದನ್ನೂ ಬಿಡಿಸಿ ಬೇರೆ ಬೇರೆ ಹಾಳೆಯ ಮೇಲೆ ಇಡಿ. ಪ್ರಶ್ನೆ ಒಂದು, ಹಾಳೆ ಒಂದು. ಇಡೀ ಸಿಸ್ಟಮ್ಮಿನ ಚಿತ್ರ ಬರೆದುಕೊಡಿ ಅಂತ ಯಾರಾದರೂ ಕೇಳಿದರೆ ನಾನು ಈಗ ಮೊದಲು ಕೇಳುವುದು, ಅದನ್ನು ನೋಡಿ ನೀವು ಏನು ತೀರ್ಮಾನ ಮಾಡಬೇಕು?

ಇಡೀ ಚಿತ್ರದ ಆಸೆ ಇವತ್ತಿನದಲ್ಲ. 1947ರಲ್ಲೇ ಗಣಿತಜ್ಞರಾದ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ತಮ್ಮ ವರದಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮನ್ನು ಹರಿವಿನ ಚಿತ್ರವಾಗಿ ಬರೆದು ತೋರಿಸಿದ್ದರು. ಆಗ ಪ್ರೋಗ್ರಾಂ ಚಿಕ್ಕದು, ಒಂದು ಹಾಳೆ ಸಾಕಾಗುತ್ತಿತ್ತು. ಈಗ ಒಂದು ಟೂಲ್ ಹಾಕಿ, ಯಾವ ಫೈಲ್ ಯಾವ ಫೈಲನ್ನು ಬಳಸುತ್ತದೆ ಅಂತ ತಾನಾಗಿಯೇ ಬರೆಸಿದರೆ ಬರುವುದು ಬರೀ ಸಿಕ್ಕು. ಗೆರೆಯ ಮೇಲೆ ಗೆರೆ. ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರೆ ನಮ್ಮ ಸಿಸ್ಟಂ ಎಷ್ಟು ದೊಡ್ಡದು ಅಂತ ಬಂದವರಿಗೆ ತೋರಿಸಬಹುದು, ಅಷ್ಟೇ. 1997ರಲ್ಲಿ ಹೆಲೆನ್ ಪರ್ಚೇಸ್ ಅನ್ನುವ ಸಂಶೋಧಕಿ ಇಂಥ ಗೆರೆಚಿತ್ರಗಳನ್ನು ಜನರ ಮುಂದೆ ಇಟ್ಟು, ಯಾವುದು ಅರ್ಥ ಮಾಡಿಕೊಳ್ಳೋಕೆ ಕಷ್ಟ ಅಂತ ಪರೀಕ್ಷೆ ಮಾಡಿದರು. ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಟ್ಟದ್ದು ಗೆರೆಗಳು ಒಂದನ್ನೊಂದು ದಾಟುವುದು. ದಾಟದ ಹಾಗೆ ಜೋಡಿಸೋಣ ಅಂದರೆ ಅದು ಕಂಪ್ಯೂಟರಿಗೇ ಕಷ್ಟದ ಲೆಕ್ಕ. ಗ್ರಾಫ್‌ವಿಜ್ ಥರದ ಟೂಲುಗಳು ಹತ್ತಿರ ಹತ್ತಿರದ ಉತ್ತರ ಹುಡುಕಿ ಕೊಡುತ್ತವೆಯೇ ಹೊರತು, ಎಲ್ಲಕ್ಕಿಂತ ಕಡಿಮೆ ದಾಟುವ ಜೋಡಣೆಯೇ ಇದು ಅಂತ ಭರವಸೆ ಕೊಡಲ್ಲ.

ಹಾಗಾಗಿ ಅವಲಂಬನೆ ನೋಡಬೇಕಾದರೆ ನಾನು ಗೆರೆಯನ್ನೇ ಬಿಟ್ಟು ಕೋಷ್ಟಕಕ್ಕೆ ಹೋಗುತ್ತೇನೆ. ಅಡ್ಡಲಾಗಿ ಎಲ್ಲ ಭಾಗಗಳ ಹೆಸರು, ಉದ್ದಕ್ಕೂ ಅದೇ ಹೆಸರುಗಳು, ಯಾವುದು ಯಾವುದನ್ನು ಬಳಸುತ್ತದೋ ಆ ಮನೆಯಲ್ಲಿ ಒಂದು ಚುಕ್ಕೆ. ಡೊನಾಲ್ಡ್ ಸ್ಟೀವರ್ಡ್ 1981ರಲ್ಲಿ ಈ ಥರದ ಕೋಷ್ಟಕದ ಬಗ್ಗೆ ಬರೆದರು, ಅದು ಸಾಫ್ಟ್‌ವೇರಿಗಿಂತ ಹೆಚ್ಚಾಗಿ ದೊಡ್ಡ ಎಂಜಿನಿಯರಿಂಗ್ ಕೆಲಸಗಳಿಗೆ. ನೋಡೋಕೆ ಏನೂ ಚೆಂದ ಇಲ್ಲ. ಆದರೆ 2004ರ ಒಂದು ಅಧ್ಯಯನ ಹೇಳಿದ್ದು ನನ್ನ ಅನುಭವಕ್ಕೂ ಸರಿಹೋಗುತ್ತದೆ: ಭಾಗಗಳು 20ಕ್ಕಿಂತ ಜಾಸ್ತಿ ಆದ ಮೇಲೆ ಹೆಚ್ಚಿನ ಪ್ರಶ್ನೆಗಳಿಗೆ ಗೆರೆಚಿತ್ರಕ್ಕಿಂತ ಕೋಷ್ಟಕವೇ ಸಲೀಸು. ದಾರಿ ಹುಡುಕುವುದೊಂದಕ್ಕೆ ಮಾತ್ರ ಗೆರೆಯೇ ವಾಸಿ. ಕೋಷ್ಟಕದಲ್ಲಿ ಕರ್ಣದ ಎರಡೂ ಕಡೆ ಎದುರುಬದುರಾಗಿ ಚುಕ್ಕೆ ಬಿದ್ದಿದ್ದರೆ ಅವೆರಡು ಒಂದನ್ನೊಂದು ಹಿಡಿದುಕೊಂಡಿವೆ ಅಂತ ಅರ್ಥ. ಬೇರೆ ಬೇರೆ ಮಾಡೋಕೆ ಹೋದರೆ ಮೊದಲು ತಕರಾರು ತೆಗೆಯುವವು ಅವೇ.

ಕೋಡನ್ನೇ ಚಿತ್ರ ಮಾಡುವ ಪ್ರಯತ್ನಗಳೂ ನಡೆದಿವೆ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಐಕ್ ಮತ್ತು ಜೊತೆಯವರು 1992ರಲ್ಲಿ ಸೀಸಾಫ್ಟ್ ಅಂತ ಒಂದನ್ನು ತಂದರು. ಕೋಡಿನ ಒಂದೊಂದು ಸಾಲಿಗೂ ಒಂದು ಸಣ್ಣ ಗೆರೆ. ಈಚೆಗೆ ಬದಲಾದ ಸಾಲು ಕೆಂಪು, ಹಳೆಯದು ನೀಲಿ. ಒಂದೇ ಪರದೆಯ ಮೇಲೆ 50,000 ಸಾಲು. ನನಗೆ ಇದು ತುಂಬ ಇಷ್ಟ. ಯಾಕೆಂದರೆ ಅದು ಕೋಡ್ ಹೇಗಿದೆ ಅಂತ ತೋರಿಸುವುದರ ಜೊತೆಗೆ ಜನ ಅದರ ಜೊತೆ ಏನು ಮಾಡಿದ್ದಾರೆ ಅಂತಲೂ ತೋರಿಸುತ್ತದೆ. ಆಮೇಲೆ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ರಿಚರ್ಡ್ ವೆಟ್ಟೆಲ್ ಮತ್ತು ಮಿಕೆಲೆ ಲಾಂಜಾ ಮಾಡಿದ ಕೋಡ್‌ಸಿಟಿ ಬಂತು. ಅಲ್ಲಿ ಪ್ರತಿ ಕ್ಲಾಸೂ, ಅಂದರೆ ಕೋಡಿನ ಒಂದೊಂದು ಘಟಕವೂ, ಒಂದು ಕಟ್ಟಡ. ಮೆಥಡ್ (ಅದು ಮಾಡುವ ಕೆಲಸ) ಜಾಸ್ತಿ ಇದ್ದಷ್ಟೂ ಎತ್ತರ, ಆಟ್ರಿಬ್ಯೂಟ್ (ಅದು ಇಟ್ಟುಕೊಳ್ಳುವ ಮಾಹಿತಿ) ಜಾಸ್ತಿ ಇದ್ದಷ್ಟೂ ಅಗಲ. ಸುಮ್ನೆ ಆಟದ ಸಾಮಾನು ಅಂತ ತಳ್ಳಿಹಾಕುವ ಹಾಗಿಲ್ಲ. 2011ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಮಾಮೂಲಿ ಟೂಲು ಬಳಸಿದವರಿಗಿಂತ ಇದನ್ನು ಬಳಸಿದವರ ಉತ್ತರಗಳು ಶೇ. 24ರಷ್ಟು ಹೆಚ್ಚು ಸರಿ ಇದ್ದವು, ಹಿಡಿದ ಸಮಯವೂ ಶೇ. 12ರಷ್ಟು ಕಡಿಮೆ. ಆದರೂ ನಾವು ಅದನ್ನು ದಿನಾ ಬಳಸುವುದಿಲ್ಲ. ನಮ್ಮ ತಲೆನೋವು ಯಾವ ಕ್ಲಾಸ್ ದೊಡ್ಡದು ಅನ್ನುವುದಲ್ಲ. ಓಡುತ್ತಿರುವಾಗ ಏನಾಗುತ್ತಿದೆ ಅನ್ನುವುದು.

ಓಡುತ್ತಿರುವ ಸಾಫ್ಟ್‌ವೇರಿನ ಚಿತ್ರ ಅಂದರೆ ಮೊದಲು ಹೇಳಬೇಕಾದ್ದು ಫ್ಲೇಮ್ ಗ್ರಾಫ್. ಬ್ರೆಂಡನ್ ಗ್ರೆಗ್ 2011ರಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸಿನ ತೊಂದರೆ ಹುಡುಕುತ್ತಿದ್ದಾಗ ಮಾಡಿಕೊಂಡದ್ದು. ಪ್ರೊಸೆಸರ್ ಯಾವ ಕೆಲಸದಲ್ಲಿ ಇದೆ ಅಂತ ಮತ್ತೆ ಮತ್ತೆ ಇಣುಕಿ ನೋಡಿ, ಸಿಕ್ಕಿದ್ದನ್ನೆಲ್ಲ ಪಟ್ಟಿಗಳಾಗಿ ಒಂದರ ಮೇಲೊಂದು ಜೋಡಿಸುತ್ತದೆ. ಪಟ್ಟಿ ಅಗಲ ಇದ್ದಷ್ಟೂ ಅಲ್ಲಿ ಹೊತ್ತು ಹೋಗುತ್ತಿದೆ. ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಎಡದಿಂದ ಬಲಕ್ಕೆ ಹೋದರೆ ಸಮಯ ಮುಂದೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಎಡದಿಂದ ಬಲಕ್ಕೆ ಇರುವುದು ಹೆಸರಿನ ಅಕ್ಷರಕ್ರಮ. ಬಣ್ಣಕ್ಕೂ ಸಾಮಾನ್ಯವಾಗಿ ಅರ್ಥ ಇರುವುದಿಲ್ಲ. ಅಗಲ ನೋಡಿ, ಯಾವುದರ ಮೇಲೆ ಯಾವುದು ಕೂತಿದೆ ನೋಡಿ, ಬೇರೆ ಏನನ್ನೂ ಓದಬೇಡಿ.

ಆದರೆ ಫ್ಲೇಮ್ ಗ್ರಾಫ್ ಸಾಮಾನ್ಯವಾಗಿ ಒಂದು ಪ್ರೋಗ್ರಾಂ ಒಳಗಿನ ಮಾತು. ಮಾಮೂಲಾಗಿ ತೆಗೆದರೆ ಕೆಲಸ ಮಾಡುವ ಹೊತ್ತು ಮಾತ್ರ ಕಾಣುತ್ತದೆ, ಕಾಯುವ ಹೊತ್ತು ಕಾಣುವುದಿಲ್ಲ. ನಮ್ಮ ಬಟವಾಡೆ ದಿನದ ತೊಂದರೆ ಅದಕ್ಕೆ ಸಿಗಲಿಲ್ಲ. ಬಿಲ್ ಮಾಡುವ ಕೆಲಸ ಆಗ ಬಹಳ ನಿಧಾನ ಆಗುತ್ತಿತ್ತು. ಟೀಮಿನಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಡೇಟಾಬೇಸ್ ಸಾಲದು ಅಂತ ಒಬ್ಬರು, ಸರ್ವರ್ ದೊಡ್ಡದು ತೆಗೆದುಕೊಳ್ಳೋಣ ಅಂತ ಇನ್ನೊಬ್ಬರು. ಪ್ರೊಸೆಸರ್ ನೋಡಿದರೆ ಆರಾಮಾಗಿದೆ. ಅಂದರೆ ಯಾರೋ ಯಾರಿಗೋ ಕಾಯುತ್ತಿದ್ದಾರೆ.

ಇದಕ್ಕೆ ಬೇಕಾದ್ದು ಟ್ರೇಸ್, ಅಂದರೆ ಒಂದು ಕೋರಿಕೆ ಎಲ್ಲೆಲ್ಲಿ ಹೋಯಿತು ಅನ್ನುವ ಜಾಡು. ಗೂಗಲ್‌ನವರು ತಮ್ಮೊಳಗೆ ಬಳಸುತ್ತಿದ್ದ ಡ್ಯಾಪರ್ ಬಗ್ಗೆ 2010ರಲ್ಲಿ ಬರೆದರು. ಟ್ವಿಟರ್‌ನ ಜಿಪ್‌ಕಿನ್ 2012ರಲ್ಲಿ ಎಲ್ಲರಿಗೂ ಸಿಕ್ಕಿತು. ಈಗ 2019ರಲ್ಲಿ ಶುರುವಾದ ಓಪನ್‌ಟೆಲಿಮೆಟ್ರಿ ಇದೆ, ನಮ್ಮಂಥ ಚಿಕ್ಕ ಟೀಮಿನವರೂ ದುಡ್ಡು ಕೊಡದೆ ಬಳಸಬಹುದು. ಒಂದು ಕೋರಿಕೆಗೆ ಒಂದು ನಂಬರ್ ಕೊಟ್ಟು, ಅದು ಯಾವ ಯಾವ ಸರ್ವಿಸಿಗೆ (ಬೇರೆ ಬೇರೆಯಾಗಿ ಓಡುವ ಪ್ರೋಗ್ರಾಮಿಗೆ) ಹೋದರೂ ಆ ನಂಬರ್ ಜೊತೆಗೇ ಹೋಗುವ ಹಾಗೆ ಮಾಡುತ್ತಾರೆ. ಪ್ರತಿ ಕಡೆ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲವನ್ನೂ ಒಂದು ಕಾಲರೇಖೆಯ ಮೇಲೆ ಅಡ್ಡಪಟ್ಟಿಗಳಾಗಿ ಇಡುತ್ತಾರೆ. ಇಲ್ಲಿ ಮಾತ್ರ ಎಡದಿಂದ ಬಲಕ್ಕೆ ನಿಜವಾಗಿಯೂ ಸಮಯ.

ಒಂದು ಹಾಲಿನ ಸೊಸೈಟಿಯ ಬಿಲ್ಲಿನ ಟ್ರೇಸ್ ತೆರೆದಾಗ ಕಂಡದ್ದು ಮೆಟ್ಟಿಲು. ಸಣ್ಣ ಸಣ್ಣ ಪಟ್ಟಿಗಳು, ಒಂದು ಮುಗಿದ ಮೇಲೆ ಇನ್ನೊಂದು, ಕೆಳಗೆ ಕೆಳಗೆ ಇಳಿಯುತ್ತಾ ಪರದೆ ಮುಗಿದರೂ ಮುಗಿಯುತ್ತಿಲ್ಲ. ಪ್ರತಿ ಹಾಲಿನ ನಮೂದಿಗೂ ದರಪಟ್ಟಿ ಸರ್ವಿಸನ್ನು ಬೇರೆ ಬೇರೆಯಾಗಿ ಕೇಳುತ್ತಿತ್ತು. ಒಬ್ಬ ರೈತರು, ಬೆಳಿಗ್ಗೆ ಒಂದು ಸಂಜೆ ಒಂದು, ಅಷ್ಟೂ ದಿನಗಳದ್ದು, ಅಷ್ಟೂ ರೈತರದ್ದು. ಪ್ರತಿ ಪ್ರಶ್ನೆಗೂ ಉತ್ತರ ಬೇಗನೇ ಬರುತ್ತದೆ, ಹಾಗಾಗಿ ದರಪಟ್ಟಿ ಸರ್ವಿಸನ್ನು ಮಾತ್ರ ನೋಡಿದವರಿಗೆ ಅಲ್ಲಿ ಏನೂ ತಪ್ಪು ಕಾಣುವುದಿಲ್ಲ. ಬಿಲ್ ಮಾಡುವ ಕೋಡ್ ಓದಿದವರಿಗೂ ಒಂದು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್), ಒಳಗೆ ಒಂದು ಕರೆ, ಅಷ್ಟೇ ಕಾಣುತ್ತದೆ. ಎರಡೂ ಸೇರಿದಾಗ ಏನಾಗುತ್ತದೆ ಅನ್ನುವುದು ಚಿತ್ರದಲ್ಲಿ ಮಾತ್ರ ಇತ್ತು. ಈ ಮೆಟ್ಟಿಲನ್ನು ಒಮ್ಮೆ ನೋಡಿದವರು ಮತ್ತೆ ಎಲ್ಲಿ ಕಂಡರೂ ಗುರುತು ಹಿಡಿಯುತ್ತಾರೆ. ಇಡೀ ಸೊಸೈಟಿಗೆ ಬೇಕಾದ ದರಗಳನ್ನು ಒಂದೇ ಸಲ ತರಿಸಿಕೊಂಡರೆ ಮೆಟ್ಟಿಲು ಹೋಗಿ ಒಂದು ಪಟ್ಟಿ ಉಳಿಯುತ್ತದೆ. ದೊಡ್ಡ ಸರ್ವರ್ ಬೇಕಾಗಲಿಲ್ಲ.

ಸರಾಸರಿ ನೋಡಿದ್ದರೆ ಇದು ಸಿಗುತ್ತಿರಲಿಲ್ಲ, ಅದನ್ನೂ ಹೇಳಬೇಕು. ಒಂದು ಬಿಲ್ಲಿಗೆ ಸರಾಸರಿ ಎಷ್ಟು ಹೊತ್ತು ಅನ್ನುವ ಅಂಕಿ ಚೆನ್ನಾಗೇ ಇತ್ತು. ಚಿಕ್ಕ ಸೊಸೈಟಿಗಳು ತುಂಬ, ಅವು ಬೇಗ ಮುಗಿಯುತ್ತವೆ. ದೊಡ್ಡವು ಕೆಲವು, ಅವು ಮುಗಿಯುವುದೇ ಇಲ್ಲ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ನಾಲ್ಕು ಅಂಕಿ ಗುಂಪು ಮಾಡಿ ತೋರಿಸಿದ್ದರು. ಒಂದೊಂದರಲ್ಲೂ 11 ಬಿಂದು. ಸರಾಸರಿ, ಅಂಕಿಗಳ ಹರಡುವಿಕೆ, ಸಂಬಂಧದ ಅಳತೆ ಎಲ್ಲವೂ ಹೆಚ್ಚುಕಡಿಮೆ ಒಂದೇ. ಹಾಳೆಯ ಮೇಲೆ ಬಿಂದು ಇಟ್ಟರೆ ನಾಲ್ಕೂ ಬೇರೆ ಬೇರೆ ಆಕಾರ. ಡ್ಯಾಶ್‌ಬೋರ್ಡಿನಲ್ಲಿ ಒಂದೇ ಅಂಕಿ ಇಟ್ಟುಕೊಂಡು ಎಲ್ಲ ಸರಿ ಇದೆ ಅನ್ನುವವರಿಗೆ ನಾನು ಇದನ್ನೇ ತೋರಿಸುವುದು.

ಈಗ ಬಾಣದ ಮಾತಿಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಕೋಲಾರದವರಿಗೆ ಹೇಳೋಕೆ ಕೆರೆಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ನಮ್ಮ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಅದಕ್ಕೇ ಹಿಂದಿನವರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಇಲ್ಲಿನ 126 ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯೂ ಈ ಸಾಲನ್ನೇ ನಂಬಿದೆ. 2018ರಲ್ಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಮುಂದೆ ಕೆರೆಯಿಂದ ಕೆರೆಗೆ. ಈ ಕೆರೆಗಳ ನಕ್ಷೆಯಲ್ಲಿ ಬಾಣ ಎಳೆದರೆ ಗೊಂದಲವೇ ಇಲ್ಲ. ನೀರು ಹೋಗುವುದೂ ಆ ಕಡೆಗೆ, ಆಪತ್ತು ಹೋಗುವುದೂ ಆ ಕಡೆಗೆ. ಮೇಲಿನ ಕೆರೆಯ ಏರಿ ಒಡೆದರೆ ಹೆದರಬೇಕಾದವರು ಕೆಳಗಿನ ಕೆರೆಯವರು.

ಸಾಫ್ಟ್‌ವೇರಿನಲ್ಲಿ ಹೀಗಲ್ಲ. ಬಿಲ್ ಸರ್ವಿಸು ದರಪಟ್ಟಿ ಸರ್ವಿಸನ್ನು ಕರೆಯುತ್ತದೆ. ಬಾಣ ಬಿಲ್‌ನಿಂದ ದರಪಟ್ಟಿಯ ಕಡೆಗೆ. ಆದರೆ ಮಾಹಿತಿ ಬರುವುದು ದರಪಟ್ಟಿಯಿಂದ ಬಿಲ್‌ಗೆ, ಅಂದರೆ ಎದುರು ದಿಕ್ಕು. ದರಪಟ್ಟಿ ನಿಧಾನ ಆದರೆ ನರಳುವುದು ಬಿಲ್, ಬಿಲ್‌ಗೆ ಕಾಯುತ್ತಿರುವ ಬ್ಯಾಂಕ್ ಫೈಲಿನ ಕೆಲಸ, ಅದನ್ನು ನೋಡುತ್ತಾ ಕೂತ ಆಫೀಸಿನವರು. ತೊಂದರೆ ಬಾಣದ ಎದುರಿಗೆ ಮೇಲಕ್ಕೆ ಹತ್ತುತ್ತದೆ. ಮಧ್ಯೆ ಒಂದು ಕ್ಯೂ, ಅಂದರೆ ಕೆಲಸಗಳು ಸರದಿಯಲ್ಲಿ ಕಾಯುವ ಜಾಗ, ಇಟ್ಟರೆ ಮತ್ತೆ ಬೇರೆ: ಆಗ ಕಳಿಸುವವರು ಕಾಯುವುದಿಲ್ಲ, ಕ್ಯೂ ಉದ್ದ ಆಗುತ್ತಾ ಹೋಗುತ್ತದೆ, ಅದು ತುಂಬುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಜೋಡಿ ಚೌಕಗಳ ಮಧ್ಯೆ ಮೂರು ಬಾಣ ಬೇಕು, ಮೂರಕ್ಕೂ ದಿಕ್ಕು ಬೇರೆ ಇರಬಹುದು. ಯಾವ ಹಾಳೆಯ ಮೇಲೆ ಯಾವ ಬಾಣ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರಬೇಕು. ರಾತ್ರಿ ಹೊತ್ತು ಏನಾದರೂ ಕೆಟ್ಟಾಗ, ಯಾರು ಯಾರನ್ನು ಕರೆಯುತ್ತಾರೆ ಅನ್ನುವ ಚಿತ್ರವನ್ನು ತೊಂದರೆ ಎಲ್ಲಿಗೆ ಹೋಗುತ್ತದೆ ಅನ್ನುವ ಚಿತ್ರ ಅಂದುಕೊಂಡು ಓದಿದರೆ, ಹುಡುಕುವವರು ಎದುರು ದಿಕ್ಕಿಗೆ ಹೋಗಿ ಸುಸ್ತಾಗುತ್ತಾರೆ.

ಟ್ರೇಸ್ ಆಗಲಿ ಕೋಷ್ಟಕ ಆಗಲಿ, ಯಂತ್ರ ಬರೆದುಕೊಟ್ಟದ್ದು ಯಂತ್ರಕ್ಕೆ ಗೊತ್ತಿರುವಷ್ಟೇ. ಇದು ನನಗೆ ಸ್ಪಷ್ಟ ಆದದ್ದು ಮುಳಬಾಗಿಲು ಕಡೆಯ ಒಂದು ಸೊಸೈಟಿಯಲ್ಲಿ. ಹಾಲಿನ ಲೆಕ್ಕ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವ ಹಾಳೆಯನ್ನು ಕನ್ನಡದಲ್ಲಿ ಬರೆದು ತೆಗೆದುಕೊಂಡು ಹೋಗಿದ್ದೆ. ಅಲ್ಲಿನ ಸೆಕ್ರೆಟರಿ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಆಮೇಲೆ ಒಂದು ಗೆರೆಯ ಮೇಲೆ ಬೆರಳಿಟ್ಟರು.

"ಸಾರ್, ಇದು ಸರಿಯಿಲ್ಲ. ಸಂಜೆ ಹಾಲಿನ ಲೆಕ್ಕ ಆವಾಗ್ಲೇ ಎಲ್ಲಿ ಹೋಗ್ತದೆ? ಕರೆಂಟ್ ಇದ್ರೆ ಸಿಗ್ನಲ್ ಇರಲ್ಲ, ಸಿಗ್ನಲ್ ಇದ್ರೆ ಕರೆಂಟ್ ಇರಲ್ಲ. ಬೆಳಿಗ್ಗೆ ಹಾಲು ಹಾಕಿಸ್ಕೊಂಡ ಮೇಲೆ ಎರಡೂ ಸೇರಿ ಹೋಗೋದು."

ಅವರು ಕೋಡ್ ನೋಡಿದವರಲ್ಲ. ಚಿತ್ರ ನೋಡಿದರು, ತಮಗೆ ಗೊತ್ತಿದ್ದದ್ದಕ್ಕೂ ಅದಕ್ಕೂ ತಾಳೆ ಇಲ್ಲ ಅಂತ ಹೇಳಿದರು. ಅವರು ಹೇಳಿದ ಆ ಒಂದು ಮಾತಿನಿಂದ ಎಷ್ಟೋ ಸಂಗತಿ ಬಿಡಿಸಿಕೊಂಡಿತು. ಬೆಳಿಗ್ಗೆ ಹೊತ್ತು ಸರ್ವರಿನ ಮೇಲೆ ಅಷ್ಟು ಒತ್ತಡ ಯಾಕೆ ಅಂತ ಗೊತ್ತಾಯಿತು. ಹಾಲು ಹಾಕಿದ ಹೊತ್ತು ಬೇರೆ, ಲೆಕ್ಕ ಸರ್ವರಿಗೆ ಮುಟ್ಟಿದ ಹೊತ್ತು ಬೇರೆ, ಎರಡನ್ನೂ ಬೇರೆ ಬೇರೆ ಇಡಬೇಕು ಅನ್ನುವುದು ಟೀಮಿನಲ್ಲಿ ಎಲ್ಲರಿಗೂ ಮನವರಿಕೆ ಆಯಿತು. ಈಗ ಆ ಹಾಳೆಯಲ್ಲಿ ತಕ್ಷಣ ಹೋಗುವುದಕ್ಕೆ ತುಂಬು ಗೆರೆ, ಆಮೇಲೆ ಹೋಗುವುದಕ್ಕೆ ಚುಕ್ಕೆ ಗೆರೆ. ಬಣ್ಣದಲ್ಲಿ ಬೇರೆ ಮಾಡಲಿಲ್ಲ, ಬೇಕಂತಲೇ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಗಂಡಸರಲ್ಲಿ ಸಾಕಷ್ಟು ಜನ ಇದ್ದಾರೆ, ಮತ್ತೆ ಸೊಸೈಟಿಯಲ್ಲಿ ಸಿಗುವುದು ಕಪ್ಪು ಬಿಳುಪು ಪ್ರಿಂಟರ್.

ತಂಡದವರಷ್ಟೇ ಓದಬಲ್ಲ ಚಿತ್ರದ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಯುಎಂಎಲ್ ಅನ್ನುವ ಚಿತ್ರದ ಭಾಷೆ 1997ರಿಂದ ಅಧಿಕೃತವಾಗಿ ಇದೆ. ಕಾಲೇಜಿನಲ್ಲಿ ಅದರ ಎಲ್ಲ ಥರದ ಬಾಣದ ತಲೆಗಳನ್ನೂ ಬಾಯಿಪಾಠ ಮಾಡಿಸುತ್ತಾರೆ. ಖಾಲಿ ತ್ರಿಕೋನ ಅಂದರೆ ಒಂದು, ತುಂಬಿದ ವಜ್ರ ಅಂದರೆ ಇನ್ನೊಂದು. ಪರೀಕ್ಷೆ ಮುಗಿದ ಮೇಲೆ ಎಷ್ಟು ಜನಕ್ಕೆ ನೆನಪಿರುತ್ತದೆ? ಬಾಣದ ಪಕ್ಕದಲ್ಲೇ ಕನ್ನಡದಲ್ಲಿ "ದರ ಕೇಳುತ್ತದೆ" ಅಂತ ಬರೆದರೆ ಹಾಲು ಹಾಕಿಸಿಕೊಳ್ಳುವವರಿಗೂ ತಿಳಿಯುತ್ತದೆ, ನಾಳೆ ಸೇರುವವರಿಗೂ ತಿಳಿಯುತ್ತದೆ.

ಇನ್ನು ಚಿತ್ರ ಹಳಸುವ ವಿಷಯ. ಯಾವ ಚಿತ್ರವಾದರೂ ಬರೆದ ದಿನ ಸರಿ ಇರುತ್ತದೆ, ಕೋಡ್ ಮುಂದೆ ಹೋಗುತ್ತದೆ, ಚಿತ್ರ ಅಲ್ಲೇ ನಿಲ್ಲುತ್ತದೆ. ಚಿತ್ರವೇ ಇಲ್ಲದಿರುವುದಕ್ಕಿಂತ ಹಳೆಯ ಚಿತ್ರ ಅಪಾಯ, ಜನ ಅದನ್ನು ನಂಬುತ್ತಾರಲ್ಲ. ಅದಕ್ಕೆ ನಾವು ಮೌಸಿನಿಂದ ಚೌಕ ಎಳೆದು ಕೂರಿಸುವ ಟೂಲುಗಳನ್ನು ಬಿಟ್ಟು ಮರ್ಮೇಡ್‌ಗೆ ಬಂದೆವು. 2014ರಲ್ಲಿ ಶುರುವಾದದ್ದು. ಇಲ್ಲಿ ಚಿತ್ರವನ್ನು ಅಕ್ಷರದಲ್ಲೇ ಬರೆಯಬೇಕು, ಅದು ಗೆರೆಯಾಗಿ ತೋರಿಸುತ್ತದೆ. 2022ರಿಂದ, ಕೋಡ್ ಇಡುವ ತಾಣವಾದ ಗಿಟ್‌ಹಬ್ ಅದನ್ನು ನೇರವಾಗಿ ಚಿತ್ರವಾಗಿಯೇ ತೋರಿಸುತ್ತದೆ. ನೋಡೋಕೆ ಅಂಥ ಅಂದ ಇಲ್ಲ, ಚೌಕ ಎಲ್ಲಿ ಕೂರಬೇಕು ಅನ್ನುವುದು ನಮ್ಮ ಕೈಯಲ್ಲಿ ಇಲ್ಲ. ಆದರೆ ಅಕ್ಷರ ಆದ್ದರಿಂದ ಕೋಡಿನ ಪಕ್ಕದಲ್ಲೇ ಇಡಬಹುದು, ಯಾರು ಯಾವಾಗ ಯಾವ ಬಾಣ ತೆಗೆದರು ಅಂತ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲೇ ಕಾಣುತ್ತದೆ.

ಚಿತ್ರದಲ್ಲಿ ಬರದೇ ಇರುವುದೂ ಒಂದಿದೆ. ಅದು ಕಾರಣ. ಒಂದೇ ರೈತರ ಹೆಸರಲ್ಲಿ ಒಂದೇ ಹೊತ್ತಿನಲ್ಲಿ ಒಂದೇ ಅಳತೆಯ ಹಾಲು ಎರಡು ಸಲ ಬಂದರೆ ಎರಡನೆಯದನ್ನು ತಡೆದು ಪಕ್ಕಕ್ಕೆ ಇಡುವ ಒಂದು ಚೌಕ ನಮ್ಮಲ್ಲಿ ಇದೆ. ಚಿತ್ರ ನೋಡಿದ ಹೊಸಬರೆಲ್ಲ ಕೇಳುತ್ತಾರೆ, ಇದು ಯಾಕೆ, ತೆಗೆಯೋಣ್ವಾ? ಸಿಗ್ನಲ್ ಅರ್ಧದಲ್ಲಿ ಹೋದರೆ ಯಂತ್ರಕ್ಕೆ ಲೆಕ್ಕ ಮುಟ್ಟಿತೋ ಇಲ್ಲವೋ ತಿಳಿಯದೆ ಮತ್ತೆ ಕಳಿಸುತ್ತದೆ, ಅದಕ್ಕೆ ಈ ಚೌಕ. ನಿಜವಾಗಿಯೂ ಎರಡು ಸಲ ಹಾಕಿದವರೂ ಇರಬಹುದು, ಅದಕ್ಕೇ ಅಳಿಸದೆ ಪಕ್ಕಕ್ಕೆ ಇಡುವುದು, ಸೆಕ್ರೆಟರಿ ನೋಡಿ ಹೇಳಿದ ಮೇಲೆ ತೀರ್ಮಾನ. ಇಷ್ಟನ್ನೂ ಆ ಚೌಕದ ಪಕ್ಕ ಎರಡು ಸಾಲಿನಲ್ಲಿ ಬರೆದಿದ್ದೇವೆ. ಈಗ ಆ ಕೋಡ್ ಮುಟ್ಟಿದವರು ಆ ಹಾಳೆಯನ್ನೂ ಮುಟ್ಟಬೇಕು, ರಿವ್ಯೂ ಮಾಡುವವರು ಎರಡನ್ನೂ ಒಟ್ಟಿಗೆ ನೋಡುತ್ತಾರೆ. ಬಾಣದ ಪಕ್ಕ ಮಾತು ಬರೆದಿಲ್ಲದಿದ್ದರೆ ವಾಪಸ್ ಕಳಿಸುತ್ತಾರೆ.